ಟಿಸಿ ಕೊಟ್ಟರೆ ಹುಡುಗ ಎಲ್ಲಿಗೆ ಹೋಗುತ್ತಾನೆ? ಶಾಲಾ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ,

ನಮಸ್ಕಾರ. ಹಾಸನ ಜಿಲ್ಲೆಯ ಹೋಬಳಿ ಊರುಗಳ ಪ್ರೌಢಶಾಲೆಗಳಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು ನಾನು. ಸೇವೆಯಲ್ಲಿದ್ದಾಗ ಹೀಗೆಲ್ಲ ಬಹಿರಂಗವಾಗಿ ಬರೆಯುವಂತಿರಲಿಲ್ಲ. ಈಗ ಬರೆಯುತ್ತಿದ್ದೇನೆ.

ನಿಮ್ಮಿಂದ ನಾನು ಕೇಳುವುದು ಮುಖ್ಯವಾಗಿ ಒಂದು ಸುತ್ತೋಲೆ. ಒಂಬತ್ತು, ಹತ್ತನೇ ತರಗತಿಯ ಮಗು ಕುಡಿದೋ, ಸೇದಿಯೋ ಸಿಕ್ಕಿಬಿದ್ದರೆ ಆ ಕಾರಣಕ್ಕೆ ಟಿಸಿ ಕೊಟ್ಟು ಕಳಿಸಬಾರದು ಅಂತ ಎಲ್ಲ ಶಾಲೆಗಳಿಗೂ ಸ್ಪಷ್ಟವಾಗಿ ಬರೆಯಿರಿ. ಸರ್ಕಾರಿ, ಅನುದಾನಿತ, ಖಾಸಗಿ ಎಲ್ಲಕ್ಕೂ.

ಶಿಕ್ಷಣ ಹಕ್ಕು ಕಾಯ್ದೆಯ 16ನೇ ಸೆಕ್ಷನ್ ನಿಮಗೆ ಗೊತ್ತೇ ಇದೆ. ಎಂಟನೇ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಗೆ ಹಾಕುವಂತಿಲ್ಲ. ಆದರೆ ನನ್ನ ಅನುಭವದಲ್ಲಿ ಈ ಚಟಗಳು ನಮ್ಮ ಕಣ್ಣಿಗೆ ಬೀಳುವುದೇ ಒಂಬತ್ತನೇ ತರಗತಿಯಿಂದ. ಕಾಯ್ದೆ ಕೈಬಿಡುವ ಜಾಗ, ಹುಡುಗ ಜಾರುವ ಜಾಗ ಎರಡೂ ಒಂದೇ ಆಗಿಬಿಟ್ಟಿದೆ.

ಇದು ನಡೆಯುವ ರೀತಿ ಹೀಗೆ. ಬ್ಯಾಗಿನಲ್ಲಿ ಮದ್ಯದ 90 ಎಂಎಲ್‌ನ ಟೆಟ್ರಾ ಪ್ಯಾಕ್ ಸಿಗುತ್ತದೆ. ಇಲ್ಲವೇ ಶೌಚಾಲಯದ ಹಿಂದೆ ಸಿಗರೇಟು, ಕೆಲವೊಮ್ಮೆ ಗಾಂಜಾ. ಹುಡುಗರ ಬಾಯಲ್ಲಿ ಅದು 'ಸೊಪ್ಪು'. ಅಪ್ಪನನ್ನು ಕರೆಸುತ್ತಾರೆ. ಎಲ್ಲರ ಎದುರು ಅಪ್ಪ ನಾಲ್ಕು ಬಾರಿಸುತ್ತಾನೆ. ಆಮೇಲೆ ಮುಖ್ಯ ಶಿಕ್ಷಕರು ಮೆತ್ತಗೆ ಹೇಳುತ್ತಾರೆ: 'ನಾವಾಗಿ ತೆಗೆದುಹಾಕಿದ್ರೆ ಹುಡುಗನ ಭವಿಷ್ಯ ಹಾಳು. ನೀವೇ ಅರ್ಜಿ ಬರೆದುಕೊಟ್ಟು ಟಿಸಿ ತಗೊಂಡು ಹೋಗಿ.' ಅಪ್ಪ ಬರೆದುಕೊಡುತ್ತಾನೆ. ದಾಖಲೆಯಲ್ಲಿ 'ಪೋಷಕರ ಕೋರಿಕೆಯ ಮೇರೆಗೆ' ಅಂತ ಬರುತ್ತದೆ. ಇಂಥ ಎಷ್ಟು ಮಕ್ಕಳು ಹೊರಗೆ ಹೋದರು ಅಂತ ನೀವು ನಿಮ್ಮ ಅಧಿಕಾರಿಗಳನ್ನು ಕೇಳಿದರೆ 'ಯಾರೂ ಇಲ್ಲ ಸಾರ್' ಅನ್ನುವ ಉತ್ತರವೇ ಬರುತ್ತದೆ. ಅವರೇನೂ ಸುಳ್ಳು ಹೇಳುತ್ತಿರುವುದಿಲ್ಲ. ಕಾಗದದಲ್ಲಿ ಇರುವುದೇ ಅಷ್ಟು.

ಮುಖ್ಯ ಶಿಕ್ಷಕರನ್ನು ಮಾತ್ರ ಬೈದು ಪ್ರಯೋಜನವಿಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶ ಕಮ್ಮಿಯಾದರೆ ನೋಟಿಸ್ ಬರುತ್ತದೆ. ಊರಲ್ಲಿ ಸುದ್ದಿಯಾದರೆ ಮುಂದಿನ ವರ್ಷದ ದಾಖಲಾತಿ ಬೀಳುತ್ತದೆ. ಉಳಿದ ಪೋಷಕರು 'ಆ ಹುಡುಗ ಇದ್ರೆ ನಮ್ಮ ಮಕ್ಕಳೂ ಕೆಡ್ತಾರೆ' ಅಂತ ಬಂದು ಕೂರುತ್ತಾರೆ. ಅವರ ಭಯವೂ ಸುಮ್ನೆ ಅಲ್ಲ. ಆದರೆ ಟಿಸಿ ತಗೊಂಡ ಹುಡುಗ ಊರು ಬಿಟ್ಟು ಹೋಗುವುದಿಲ್ಲವಲ್ಲ. ಗ್ಯಾರೇಜಿನಲ್ಲೋ, ಬಸ್ ಸ್ಟ್ಯಾಂಡಿನಲ್ಲೋ ಇರುತ್ತಾನೆ. ಕೈಯಲ್ಲಿ ದುಡ್ಡೂ ಓಡಾಡಲು ಶುರುವಾಗುತ್ತದೆ. ಸಂಜೆ ಅದೇ ಹಳೆಯ ಗೆಳೆಯರು ಅವನ ಹತ್ತಿರ ಹೋಗುತ್ತಾರೆ. ಶಾಲೆಯೊಳಗಿದ್ದಾಗ ಅವನೂ ಒಬ್ಬ ವಿದ್ಯಾರ್ಥಿ. ಹೊರಗೆ ಹಾಕಿದ ಮೇಲೆ ಅವರಿಗೆಲ್ಲ ಅವನೇ ಅಣ್ಣ.

ಈಗ ಗೆಳೆಯರ ವಿಷಯಕ್ಕೆ ಬರುತ್ತೇನೆ. ಇಡೀ ಸಮಸ್ಯೆಯ ಬೇರು ಅಲ್ಲೇ ಇದೆ.

ಪ್ರತಿ ವರ್ಷ ಜೂನ್ 26ರಂದು, ಮಾದಕ ವಸ್ತು ವಿರೋಧಿ ದಿನ, ನಾವು ಜಾಥಾ ಮಾಡಿಸುತ್ತೇವೆ. ಠಾಣೆಯಿಂದ ಪಿಎಸ್‌ಐ ಬಂದು ಭಾಷಣ ಮಾಡುತ್ತಾರೆ. ಪ್ರಮಾಣವಚನ ಆಗುತ್ತದೆ, ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುತ್ತೇವೆ, ಮುಗಿಯಿತು. ಮಕ್ಕಳಿಗೆ ವಿಷಯ ಗೊತ್ತಿಲ್ಲ, ಗೊತ್ತಾದರೆ ಬಿಡುತ್ತಾರೆ ಅನ್ನುವುದು ಇದರ ಹಿಂದಿನ ಲೆಕ್ಕ. ನಾನೇ ಶ್ವಾಸಕೋಶದ ಚಿತ್ರ ಬರೆದು ಪಾಠ ಮಾಡಿದವನು. ಹುಡುಗರಿಗೆ ಎಲ್ಲ ಗೊತ್ತಿರುತ್ತದೆ. ಪರೀಕ್ಷೆಯಲ್ಲಿ ಪೂರ್ತಿ ಅಂಕವೂ ತೆಗೆಯುತ್ತಾರೆ.

ಅಮೆರಿಕದವರು ಈ ದಾರಿಯನ್ನು ನಮಗಿಂತ ದೊಡ್ಡದಾಗಿ ತುಳಿದು ನೋಡಿದ್ದಾರೆ. 1983ರಲ್ಲಿ ಲಾಸ್ ಏಂಜಲೀಸ್‌ನಲ್ಲಿ 'ಡೇರ್' ಅನ್ನುವ ಕಾರ್ಯಕ್ರಮ ಶುರುವಾಯಿತು. ಸಮವಸ್ತ್ರದ ಪೊಲೀಸರೇ ತರಗತಿಗೆ ಬಂದು ಪಾಠ ಮಾಡುತ್ತಿದ್ದರು. ದೇಶದ ತುಂಬ ಹರಡಿತು. ಪೋಷಕರಿಗೆ, ರಾಜಕಾರಣಿಗಳಿಗೆ ತುಂಬಾ ಇಷ್ಟವಾಯಿತು. ಆಮೇಲೆ ಸಂಶೋಧಕರು ಅದೇ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರೆ, ಪಾಠ ಕೇಳಿದವರಿಗೂ ಕೇಳದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಕೊನೆಗೆ ಪಾಠವನ್ನೇ ಬದಲಿಸಬೇಕಾಯಿತು. ವಿಶ್ವಸಂಸ್ಥೆಯ ಮಾದಕ ವಸ್ತು ಕಚೇರಿ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ 2018ರಲ್ಲಿ ತಂದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಬರೀ ಮಾಹಿತಿ, ಅದರಲ್ಲೂ ಹೆದರಿಸುವ ಮಾಹಿತಿ ಕೆಲಸ ಮಾಡುವುದಿಲ್ಲ. ಮಕ್ಕಳೇ ಮಾತಾಡಿ, ಮಾಡಿ ಕಲಿಯುವ ಜೀವನ ಕೌಶಲದ ತರಗತಿ ಕೆಲಸ ಮಾಡುತ್ತದೆ. ನಾವು ಮಾತ್ರ ಇನ್ನೂ ಪಿಎಸ್‌ಐ ಅವರಿಗೆ ಹಾರ ಹಾಕುತ್ತಿದ್ದೇವೆ.

ಇನ್ನೊಂದು ಪ್ರಯೋಗ ನನಗೆ ಬಹಳ ಹಿಡಿಸಿತು. 2005ರಲ್ಲಿ ಗಾರ್ಡ್‌ನರ್ ಮತ್ತು ಸ್ಟೈನ್‌ಬರ್ಗ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಅದನ್ನು ಪ್ರಕಟಿಸಿದರು. ಬೇರೆ ಬೇರೆ ವಯಸ್ಸಿನವರಿಗೆ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಕೊಟ್ಟರು. ಕೆಲವರು ಒಬ್ಬರೇ ಆಡಿದರು, ಕೆಲವರು ಗೆಳೆಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಡಿದರು. 24 ದಾಟಿದವರು ಗೆಳೆಯರಿದ್ದರೂ ಇಲ್ಲದಿದ್ದರೂ ಹೆಚ್ಚುಕಮ್ಮಿ ಒಂದೇ ಥರ ಓಡಿಸಿದರು. 13ರಿಂದ 16ರ ಮಕ್ಕಳು ಮಾತ್ರ ಗೆಳೆಯರು ನೋಡುತ್ತಿದ್ದಾಗ ತುಂಬಾ ಜಾಸ್ತಿ ಅಪಾಯಕ್ಕೆ ಕೈ ಹಾಕಿದರು. ಒಬ್ಬನೇ ಇದ್ದಾಗ ಹುಡುಗನ ಬುದ್ಧಿ ಚೆನ್ನಾಗಿಯೇ ಇರುತ್ತದೆ. ನಾವು ಅವನ ಜೊತೆ ಮಾತಾಡುವುದು, ಪರೀಕ್ಷೆ ಬರೆಸುವುದು, ಪ್ರಮಾಣ ಮಾಡಿಸುವುದು ಎಲ್ಲ ಆ ಬುದ್ಧಿಯ ಜೊತೆ. ತೀರ್ಮಾನ ಆಗುವುದು ಕೆರೆ ಏರಿ ಮೇಲೆ, ನಾಲ್ಕು ಜನ 'ಒಂದ್ಸಲ ಮಗಾ, ಏನಾಗಲ್ಲ' ಅನ್ನುವಾಗ.

ಆ ಹೊತ್ತಿನಲ್ಲಿ 'ಬೇಡ' ಅನ್ನಲು ಹುಡುಗರಿಗೆ ಆಗುವುದೇ ಇಲ್ಲ ಅಂತಲ್ಲ. ಆಗುತ್ತದೆ, ಅದನ್ನೂ ನೋಡಿದ್ದೇನೆ. ಕಾರ್ತಿಕದಿಂದ ಸಂಕ್ರಾಂತಿವರೆಗೆ ಅಯ್ಯಪ್ಪ ಮಾಲೆ ಹಾಕಿದ ಹುಡುಗನನ್ನು ಯಾವ ಗೆಳೆಯನೂ ಕೆಣಕುವುದಿಲ್ಲ. 'ಮಾಲೆ ಹಾಕಿದ್ದೀನಿ ಕಣೋ' ಅಂದರೆ ಮುಗಿಯಿತು, ಎಲ್ಲರೂ ಸುಮ್ಮನಾಗುತ್ತಾರೆ. ಅವನನ್ನು ಯಾರೂ 'ಗಂಡಸಾ ನೀನು?' ಅನ್ನುವುದಿಲ್ಲ. ಗುಂಪಿನಿಂದ ಹೊರಗೂ ಹಾಕುವುದಿಲ್ಲ. ತಾಲ್ಲೂಕು ಮಟ್ಟದ ಕಬಡ್ಡಿ ಸೆಲೆಕ್ಷನ್ ಇದ್ದಾಗಲೂ ಅಷ್ಟೆ. 'ನಾಳೆ ಬೆಳಿಗ್ಗೆ ಪ್ರಾಕ್ಟೀಸ್ ಇದೆ' ಅಂದರೆ ಸಾಕು. ಒಬ್ಬ ಹುಡುಗ 'ನನಗೆ ಮೂಗಿನ ಆಪರೇಷನ್ ಆಗಿದೆ, ಹೊಗೆ ಆಗಲ್ಲ' ಅಂತ ಎರಡು ವರ್ಷ ತಳ್ಳಿದ. ಆಪರೇಷನ್ನೂ ಇಲ್ಲ ಏನೂ ಇಲ್ಲ!

ನನಗೆ ಇದರಿಂದ ಅರ್ಥವಾಗಿದ್ದು ಇಷ್ಟು. ಆ ವಯಸ್ಸಿನಲ್ಲಿ ಗೆಳೆಯರನ್ನು ಬಿಟ್ಟುಬಿಡು ಅಂದರೆ ಆಗುವ ಮಾತಲ್ಲ. ಮರ್ಯಾದೆ ಕಳೆದುಕೊಳ್ಳದೆ ಬೇಡ ಅನ್ನಲು ಒಂದು ಕಾರಣ ಬೇಕು, ಅದನ್ನು ಗೆಳೆಯರೂ ಒಪ್ಪುವಂತಿರಬೇಕು. ಅಂಥ ಕಾರಣಗಳನ್ನು ಒದಗಿಸುವುದು ಶಾಲೆಯ ಕೆಲಸ. ತಂಡ, ನಾಟಕ, ಬ್ಯಾಂಡ್, ಎನ್‌ಸಿಸಿ, ಏನಾದರೂ ಆಗಬಹುದು. ಟಿಸಿ ಕೊಟ್ಟ ದಿನ ಆ ಹುಡುಗನ ಹತ್ತಿರ ಇದ್ದ ಎಲ್ಲ ಕಾರಣಗಳನ್ನೂ ಒಟ್ಟಿಗೆ ಕಿತ್ತುಕೊಳ್ಳುತ್ತೇವೆ. ನಾಳೆ ಬೆಳಿಗ್ಗೆ ಅವನಿಗೆ ಏನೂ ಇಲ್ಲ.

ಟಿಸಿ ಬೇಡ ಅಂದರೆ ಮತ್ತೇನು ಮಾಡಬೇಕು ಅಂತ ನಿಮ್ಮ ಅಧಿಕಾರಿಗಳು ಕೇಳುತ್ತಾರೆ. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಮುಖ್ಯ ಶಿಕ್ಷಕಿಯೊಬ್ಬರು ಮಾಡಿದ್ದನ್ನು ಹೇಳುತ್ತೇನೆ. ಒಂಬತ್ತನೇ ತರಗತಿಯ ಹುಡುಗ ಕುಡಿದು ಬಂದಿದ್ದ. ಮೇಡಂ ಅವನನ್ನು ಮಲಗಿಸಿ, ಪಕ್ಕದಲ್ಲಿ ಒಬ್ಬರನ್ನು ಕೂರಿಸಿ, ಅಪ್ಪನಿಗೆ ಫೋನ್ ಮಾಡಿಸಿದರು. ಅಪ್ಪ ಬಂದ. ಅವನ ಬಾಯಿಂದಲೂ ಅದೇ ವಾಸನೆ. ಇಂಥ ಮನೆಗೆ ಹುಡುಗನನ್ನು 'ಬುದ್ಧಿ ಹೇಳಿ' ಅಂತ ಕಳಿಸಿ ಏನು ಪ್ರಯೋಜನ? ಮೇಡಂ ಸೋದರಮಾವನನ್ನು ಹುಡುಕಿ ಕರೆಸಿದರು. ವಿಷಯವನ್ನು ಸ್ಟಾಫ್ ರೂಮಿನಲ್ಲಿ ಎತ್ತಲೇ ಇಲ್ಲ. ತಾಲ್ಲೂಕು ಆಸ್ಪತ್ರೆಯ ಆಪ್ತ ಸಮಾಲೋಚಕರ ಹತ್ತಿರ ವಾರಕ್ಕೊಮ್ಮೆ ಕಳಿಸಿದರು. ಸಂಜೆ ದೈಹಿಕ ಶಿಕ್ಷಕರ ಕೈಗೆ ಒಪ್ಪಿಸಿದರು. ಹುಡುಗ ಪೂರ್ತಿ ಬಿಟ್ಟನೋ ಇಲ್ಲವೋ ನಾನು ಹೇಳಲಾರೆ. ಎಸ್ಸೆಸ್ಸೆಲ್ಸಿ ಮಾತ್ರ ಪಾಸಾದ.

ಇದೆಲ್ಲ ಒಬ್ಬ ಮೇಡಂ ಒಳ್ಳೆಯತನದಿಂದ ಆಗಿದ್ದು. ನಿಯಮದಿಂದ ಆಗುವಂತೆ ಮಾಡುವುದು ನಿಮ್ಮ ಕೈಲಿದೆ. ಬೇಕಾದ ಸಾಮಾನು ಆಗಲೇ ಚದುರಿಕೊಂಡು ಬಿದ್ದಿದೆ. ಹದಿಹರೆಯದವರಿಗಾಗಿ ಆರೋಗ್ಯ ಇಲಾಖೆಯ ಸ್ನೇಹ ಕ್ಲಿನಿಕ್‌ಗಳಿವೆ. ಮಾನಸಿಕ ಆರೋಗ್ಯಕ್ಕೆಂದು ಟೆಲಿ ಮಾನಸ್ ಸಹಾಯವಾಣಿ 14416 ಇದೆ, ಅದರ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್. ವ್ಯಸನ ಬಿಡಿಸಲೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ 14446. 2020ರಲ್ಲಿ ಶುರುವಾದ ಶಾಲಾ ಆರೋಗ್ಯ ಕಾರ್ಯಕ್ರಮದ ಪ್ರಕಾರ ಪ್ರತಿ ಶಾಲೆಯಲ್ಲೂ ಇಬ್ಬರು ಶಿಕ್ಷಕರು ತರಬೇತಿ ಪಡೆದು ಮಕ್ಕಳ ಜೊತೆ ಈ ವಿಷಯ ಮಾತಾಡಬೇಕು, ಮಾದಕ ವಸ್ತು ತಡೆ ಅದರ 11 ವಿಷಯಗಳಲ್ಲಿ ಒಂದು. ಆ ಇಬ್ಬರು ಯಾರು ಅಂತ ಯಾವುದಾದರೂ ಶಾಲೆಗೆ ಹೋದಾಗ ಮಕ್ಕಳನ್ನೇ ಕೇಳಿ ನೋಡಿ. ಆ ಶಿಕ್ಷಕರಿಗೆ ವಾರಕ್ಕೆ ಒಂದು ಪಿರಿಯಡ್ ಕೊಡಿ. ಗಣಿತದ ಮೇಷ್ಟ್ರು ಎತ್ತಿಕೊಳ್ಳದಂಥ ಪಿರಿಯಡ್. ಅದರಲ್ಲಿ ಪಾಠ ಓದಿಸುವುದು ಬೇಡ. ಹುಡುಗರು ಗುಂಪಾಗಿ ನಿಂತು ಆಡಿ ತೋರಿಸಲಿ. ಒಬ್ಬ ಒತ್ತಾಯ ಮಾಡಲಿ, ಇನ್ನೊಬ್ಬ ತಪ್ಪಿಸಿಕೊಳ್ಳಲಿ. ನಗುತ್ತಾರೆ, ಗಲಾಟೆಯಾಗುತ್ತದೆ. ಆಗಲಿ ಬಿಡಿ.

ಹೆಣ್ಣುಮಕ್ಕಳನ್ನೂ ಅದೇ ಗುಂಪಿನಲ್ಲಿ ಕೂರಿಸಿ. ಮನೆಯಲ್ಲಿ ಅಪ್ಪ, ಅಣ್ಣನ ಕುಡಿತ ಮೊದಲು ಗೊತ್ತಾಗುವುದು ಅವರಿಗೆ, ಅದನ್ನು ಬಾಯಿಬಿಟ್ಟು ಹೇಳುವವರೂ ಅವರೇ.

ಇನ್ನು ಅಂಗಡಿಗಳು. 2025ರಲ್ಲಿ ಜಾರಿಗೆ ಬಂದ ನಮ್ಮ ರಾಜ್ಯದ ತಿದ್ದುಪಡಿ ಪ್ರಕಾರ 21 ತುಂಬದವರಿಗೆ ತಂಬಾಕು ಮಾರುವಂತಿಲ್ಲ. ಶಾಲೆಯಿಂದ 100 ಮೀಟರ್ ಒಳಗೆ ಮಾರುವಂತಿಲ್ಲ. ಬಿಡಿ ಸಿಗರೇಟು ಕೂಡ ಮಾರುವಂತಿಲ್ಲ. ಮಗುವಿಗೆ ಮದ್ಯ, ತಂಬಾಕು, ಮಾದಕ ವಸ್ತು ಕೊಟ್ಟವರಿಗೆ ಬಾಲನ್ಯಾಯ ಕಾಯ್ದೆಯ 77ನೇ ಸೆಕ್ಷನ್ನಿನಲ್ಲಿ 7 ವರ್ಷದವರೆಗೆ ಕಠಿಣ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ. ಮಕ್ಕಳ ಕೈಲಿ ಮಾರಾಟ, ಸಾಗಾಟ ಮಾಡಿಸಿದರೂ ಅಷ್ಟೇ ಶಿಕ್ಷೆ. ಹಾಗಿದ್ದೂ ಗೂಡಂಗಡಿಯಲ್ಲಿ ಟೆಟ್ರಾ ಪ್ಯಾಕ್ ಸಿಗುತ್ತದೆ ಅಂತ ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತು. ಶಾಲೆಯಲ್ಲಿ ಸಿಕ್ಕಿಬಿದ್ದ ಹುಡುಗನನ್ನು ವಿಚಾರಣೆ ಮಾಡುವ ಅರ್ಧದಷ್ಟು ಹುರುಪಿನಲ್ಲಿ ಅವನಿಗೆ ಮಾರಿದವರು ಯಾರು ಅಂತ ಹುಡುಕಿದ್ದನ್ನು ನಾನು ಕಂಡಿಲ್ಲ. ಮಕ್ಕಳ ಗ್ರಾಮಸಭೆಗಳಲ್ಲಿ ಮಕ್ಕಳು ಇದನ್ನು ಎದ್ದು ನಿಂತು ಹೇಳುತ್ತಾರೆ. ನಡಾವಳಿಯಲ್ಲಿ ಬರೆದುಕೊಳ್ಳುತ್ತಾರೆ. ಆ ನಡಾವಳಿಯ ಪ್ರತಿ ಅಬಕಾರಿ ಇನ್‌ಸ್ಪೆಕ್ಟರ್ ಮೇಜಿಗೆ ಹೋಗಿ, ಏನು ಕ್ರಮ ಆಯಿತು ಅಂತ ಮಕ್ಕಳಿಗೆ ಉತ್ತರ ಬರುವಂತೆ ನೀವು ನೋಡಿಕೊಳ್ಳಬಹುದು.

ಅಬಕಾರಿ ನಿಮ್ಮ ಖಾತೆಯಲ್ಲ, ನಿಜ. 2025-26ರ ಬಜೆಟ್ಟಿನಲ್ಲಿ ಅದರಿಂದ 40,000 ಕೋಟಿ ರೂಪಾಯಿ ಬರಬೇಕು ಅಂತ ಗುರಿ ಇಟ್ಟಿದ್ದು ನಿಮ್ಮದೇ ಸಂಪುಟ. ಆ ದುಡ್ಡಿನಲ್ಲಿ ನಮ್ಮ ಮಕ್ಕಳ ಬಿಸಿಯೂಟವೂ ಇರಬಹುದು ಅಂತ ನೆನೆದರೆ ಒಂಥರಾ ಆಗುತ್ತದೆ. ಇರಲಿ.

ಬಾರಿಗೂ ಗೂಡಂಗಡಿಗೂ ಸಂಬಂಧವೇ ಇಲ್ಲದ ಒಂದು ಚಟವಿದೆ, ಅದರ ಬಗ್ಗೆ ಶಿಕ್ಷಕರಿಗೇ ಸರಿಯಾಗಿ ಗೊತ್ತಿಲ್ಲ. ಪಂಚರ್ ಸೊಲ್ಯೂಶನ್, ವೈಟ್‌ನರ್, ಥಿನ್ನರ್, ಪೆಟ್ರೋಲ್ ಮೂಸುವುದು. ದೆಹಲಿಯ ಏಮ್ಸ್ ಆಸ್ಪತ್ರೆ ನಡೆಸಿ 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೊಡ್ಡವರಿಗಿಂತ ಮಕ್ಕಳೇ ಹೆಚ್ಚಿನ ಪ್ರಮಾಣದಲ್ಲಿ ಬಳಸುವ ವಸ್ತು ಇದೊಂದೇ. 10ರಿಂದ 17 ವರ್ಷದವರಲ್ಲಿ 1.17%, ದೊಡ್ಡವರಲ್ಲಿ 0.58%. ಕರ್ಚೀಫಿನಲ್ಲಿ ಹಾಕಿಕೊಂಡು ಮೂಸುತ್ತಾರೆ, ಬಾಯಲ್ಲಿ ಹೆಂಡದ ವಾಸನೆ ಬರುವುದಿಲ್ಲ. ಮೊದಲ ಸಲಕ್ಕೇ ಹೃದಯ ನಿಂತುಹೋಗುವ ಅಪಾಯ ಇದರಲ್ಲಿದೆ. ಶಿಕ್ಷಕರ ತರಬೇತಿಯಲ್ಲಿ ಗಾಂಜಾ ಬಗ್ಗೆ ಒಂದು ಗಂಟೆ ಮಾತಾಡಿದರೆ ಇದರ ಬಗ್ಗೆಯೂ ಒಂದು ಗಂಟೆ ಮಾತಾಡಿಸಿ.

ಸಂಜೆ ಹೊತ್ತು ಶಾಲೆಯ ಮೈದಾನಕ್ಕೆ ಬೀಗ ಹಾಕುವುದನ್ನು ನಿಲ್ಲಿಸಿ ಅಂತಲೂ ಅದೇ ಸುತ್ತೋಲೆಯಲ್ಲಿ ಒಂದು ಸಾಲು ಸೇರಿಸಿ. ಶಾಲೆ ಬಿಟ್ಟ ಮೇಲೆ ಅಪ್ಪ ಅಮ್ಮ ಕೂಲಿಯಿಂದ ಬರುವವರೆಗಿನ ಆ ಎರಡು ಗಂಟೆ ಬಹಳ ಮಕ್ಕಳಿಗೆ ಹೋಗಲು ಜಾಗವಿಲ್ಲ. ದೈಹಿಕ ಶಿಕ್ಷಕರ ಹುದ್ದೆ ಖಾಲಿ ಇರುವ ಕಡೆ ಊರಿನ ಹಳೆಯ ಆಟಗಾರರಿಗೆ ಗೌರವಧನ ಕೊಟ್ಟು ಕರೆಯಬಹುದು. ಒಂದು ವಾಲಿಬಾಲ್ ನೆಟ್ಟಿಗೆ ಎಷ್ಟಾಗುತ್ತದೆ?

ಶಾಲೆಗಳು ಮೇ ಕೊನೆಗೆ ತೆರೆಯುತ್ತವೆ. ಟಿಸಿ ಕುರಿತ ಸುತ್ತೋಲೆ ಅಷ್ಟರೊಳಗೆ ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಗಳಿಗೆ ತಲುಪಲಿ. 'ಪೋಷಕರ ಕೋರಿಕೆ' ಅಂತ ವರ್ಷದ ನಡುವೆ ಟಿಸಿ ಪಡೆದ ಒಂಬತ್ತು, ಹತ್ತನೇ ತರಗತಿಯ ಮಕ್ಕಳ ಪಟ್ಟಿಯನ್ನು ಪ್ರತಿ ತಾಲ್ಲೂಕಿನಿಂದ ತರಿಸಿಕೊಳ್ಳಿ. ಅವರಲ್ಲಿ ಬೇರೆ ಶಾಲೆಗೆ ಸೇರಿದವರು ಎಷ್ಟು, ಎಲ್ಲಿಗೂ ಸೇರದವರು ಎಷ್ಟು ಅಂತ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು (ಸಿಆರ್‌ಪಿ) ಮನೆಗೆ ಹೋಗಿ ನೋಡಿ ಬರಲಿ. ಆ ಲೆಕ್ಕವನ್ನು ವಿಧಾನಸಭೆಯಲ್ಲಿ ಇಡಿ.

ಇಂತಿ,
ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕ
ಹಾಸನ ಜಿಲ್ಲೆ