ಇನ್ನು ಮುಂದೆ ವಿಂಡೋಸ್ ಎಸ್‌ಎಸ್‌ಡಿಯಲ್ಲಿ, ಹಳೆಯ ಹಾರ್ಡ್ ಡಿಸ್ಕ್ ನಿಮ್ಮ ಕೈಯಲ್ಲಿ

ಆತ್ಮೀಯ ಗ್ರಾಹಕರಿಗೆ ನಮಸ್ಕಾರ.

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಅಂಗಡಿಯಲ್ಲಿ ಜೋಡಿಸುವ ಯಾವ ಕಂಪ್ಯೂಟರಿಗೂ ವಿಂಡೋಸನ್ನು ಹಾರ್ಡ್ ಡಿಸ್ಕಿನಲ್ಲಿ ಹಾಕಿಕೊಡುವುದಿಲ್ಲ. ಅದಕ್ಕೆ ಎಸ್‌ಎಸ್‌ಡಿಯೇ ಆಗಬೇಕು, ಅಂದರೆ ಚಿಪ್ಪುಗಳಲ್ಲಿ ಮಾಹಿತಿ ಇಡುವ ಡಿಸ್ಕ್. ಡಿಸ್ಕ್ ಬದಲಿಸಲು ಬರುವ ಹಳೆಯ ಲ್ಯಾಪ್‌ಟಾಪುಗಳಿಗೂ ಇದೇ ಮಾತು.

"ಹೆಚ್ಚು ದುಡ್ಡು ಕೊಟ್ಟು ಕಡಿಮೆ ಜಾಗ ಯಾಕೆ ತಗೋಬೇಕು?" ಎಂದು ಹಲವರು ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆ. ಜಿಬಿ ಲೆಕ್ಕದಲ್ಲಿ ಹಾರ್ಡ್ ಡಿಸ್ಕೇ ಅಗ್ಗ. ಆದರೆ ಅದರೊಳಗೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುವ ತಟ್ಟೆಗಳಿವೆ. ಬೇಕಾದ ಮಾಹಿತಿ ಅದನ್ನು ಓದುವ ಹೆಡ್ಡಿನ ಕೆಳಗೆ ಬರುವವರೆಗೆ ಸುಮಾರು 10ರಿಂದ 15 ಮಿಲಿಸೆಕೆಂಡು ಕಾಯಬೇಕು. ಒಂದು ಫೈಲಿಗಾದರೆ ಅದು ಲೆಕ್ಕಕ್ಕಿಲ್ಲ. ವಿಂಡೋಸ್ ಶುರುವಾಗುವಾಗ ಸಾವಿರಾರು ಸಣ್ಣ ಫೈಲುಗಳನ್ನು ಓದಬೇಕು, ಸಮಯ ಹೋಗುವುದು ಅಲ್ಲೇ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ.

ಮೊನ್ನೆ ಒಬ್ಬ ಟೀಚರ್ ತಮ್ಮ ಹಳೆಯ ಲ್ಯಾಪ್‌ಟಾಪ್ ತಂದಿದ್ದರು. ಸ್ವಿಚ್ ಹಾಕಿ, ತರಗತಿಗೆ ಹೋಗಿ ಹಾಜರಿ ಕರೆದು ಬಂದರೂ ಅದು ಇನ್ನೂ ಏಳುತ್ತಲೇ ಇರುತ್ತಿತ್ತಂತೆ. ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ 100% ತೋರಿಸುತ್ತಿತ್ತು, ಅಂದರೆ ಡಿಸ್ಕಿಗೆ ಬಿಡುವೇ ಇರಲಿಲ್ಲ. ರ‍್ಯಾಮ್ ಮುಟ್ಟಲಿಲ್ಲ, ಹಳೆಯ ಡಿಸ್ಕಿನ ಜಾಗಕ್ಕೇ ಕೂರುವ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಒಂದನ್ನೇ ಹಾಕಿದೆವು. ಪಾಸ್‌ವರ್ಡ್ ಕೇಳುವ ಪರದೆ ಅರ್ಧ ನಿಮಿಷದೊಳಗೆ ಬಂತು.

ಇನ್ನು ಮುಂದಿನದನ್ನು ದಯವಿಟ್ಟು ಗಮನವಿಟ್ಟು ಓದಿ. ಹಾರ್ಡ್ ಡಿಸ್ಕ್ ಕೆಡುವ ಮುಂಚೆ ಬಹಳ ಸಲ ಟಕ್ ಟಕ್ ಸದ್ದು ಮಾಡುತ್ತದೆ, ನಿಧಾನವಾಗುತ್ತದೆ, ಕಾಪಿ ಮಾಡಿಕೊಳ್ಳಲು ಸಮಯ ಸಿಗುತ್ತದೆ. ಎಸ್‌ಎಸ್‌ಡಿ ಎಷ್ಟೋ ಸಲ ಯಾವ ಸುಳಿವೂ ಕೊಡದೆ ಕೆಟ್ಟುಹೋಗುತ್ತದೆ. ಅಳಿಸಿದ ಫೈಲನ್ನೂ ಅದರಿಂದ ಮರಳಿ ತೆಗೆಯುವುದು ಹೆಚ್ಚುಕಡಿಮೆ ಅಸಾಧ್ಯ, ಏಕೆಂದರೆ ಟ್ರಿಮ್ ಎಂಬ ವ್ಯವಸ್ಥೆ ಆ ಜಾಗವನ್ನು ಖಾಲಿ ಮಾಡಿಬಿಡುತ್ತದೆ. ಒಬ್ಬ ಗ್ರಾಹಕರ ಮಗಳ ಮದುವೆ ಫೋಟೊಗಳು ಹೀಗೇ ಹೋದವು. ಬೇರೆ ಕಾಪಿ ಇರಲಿಲ್ಲ. "ಬರಲ್ಲ ಸರ್" ಎಂದು ಅವರ ಮುಖ ನೋಡಿ ಹೇಳಬೇಕಾಯಿತು. ಎಸ್‌ಎಸ್‌ಡಿ ಹಾಕಿಕೊಟ್ಟ ದಿನವೇ ಬ್ಯಾಕಪ್ ಮಾತೆತ್ತಬೇಕಿತ್ತು ನಾವು.

ಆದ್ದರಿಂದ ನಿಮ್ಮ ಹಳೆಯ ಹಾರ್ಡ್ ಡಿಸ್ಕನ್ನು ಪರೀಕ್ಷಿಸಿ, ಚೆನ್ನಾಗಿದ್ದರೆ ಯುಎಸ್‌ಬಿ ಕೇಸಿಗೆ ಹಾಕಿ ಬ್ಯಾಕಪ್ಪಿಗೆಂದು ನಿಮಗೇ ಕೊಡುತ್ತೇವೆ. ಕೇಸಿನ ಬೆಲೆ ಮಾತ್ರ, ಕೂಲಿ ಇಲ್ಲ. ಬ್ಯಾಡ್ ಸೆಕ್ಟರ್ (ಡಿಸ್ಕಿನಲ್ಲಿ ಕೆಟ್ಟ ಜಾಗ) ಇದ್ದರೆ ಬಳಸಬೇಡಿ ಎಂದು ಹೇಳಿಯೇ ಹಿಂತಿರುಗಿಸುತ್ತೇವೆ. ಅದರಲ್ಲಿರುವುದು ನಿಮ್ಮ ಮನೆಯ ಮಾಹಿತಿ. ಕಪಾಟಿನಲ್ಲಿ ವರ್ಷಗಟ್ಟಲೆ ಇಡುವ ಕಾಪಿಗೂ ಎಸ್‌ಎಸ್‌ಡಿ ಬೇಡ. ಕರೆಂಟ್ ಕೊಡದೆ ಬಹುಕಾಲ ಇಟ್ಟರೆ ಮಾಹಿತಿಯನ್ನು ಹಿಡಿದಿಡುವ ಅದರೊಳಗಿನ ವಿದ್ಯುತ್ ಚಾರ್ಜ್ ಸೋರುತ್ತದೆ, ಮಾಹಿತಿ ಹೋಗಬಹುದು.

ಸಿಸಿಟಿವಿ ದೃಶ್ಯ ಉಳಿಸುವ ಡಿವಿಆರ್‌ಗೆ ಮೊದಲಿನಂತೆ ಹಾರ್ಡ್ ಡಿಸ್ಕೇ.

ಬರುವಾಗ ಚಾರ್ಜರ್ ತನ್ನಿ. ಲೆಕ್ಕಪತ್ರಕ್ಕೆ ಟ್ಯಾಲಿ ಬಳಸುವವರು ಆ ದಿನದ ಎಂಟ್ರಿ ಮುಗಿಸಿಕೊಂಡೇ ಬನ್ನಿ. ಕ್ಲೋನ್, ಅಂದರೆ ಹಳೆಯ ಡಿಸ್ಕಿನಲ್ಲಿರುವುದೆಲ್ಲ ಹೊಸದಕ್ಕೆ ಕಾಪಿ ಆಗುವುದು, ಮುಗಿಯುವವರೆಗೆ ಯಂತ್ರ ಮುಟ್ಟುವ ಹಾಗಿಲ್ಲ.

ಇಂತಿ,
ಅಂಗಡಿಯ ಎಲ್ಲರ ಪರವಾಗಿ