ಚಾರ್ಜರ್ ಕೆಟ್ಟಿತೋ ಬ್ಯಾಟರಿ ಕೆಟ್ಟಿತೋ, ಮೊದಲು ಅಳೆಯಿರಿ

ಮಾನ್ಯ ಸಂಪಾದಕರೇ,

ಜೂನ್‌ನಲ್ಲಿ ಮಳೆ ಹಿಡಿದಾಗ ಒಳಗಿಟ್ಟ ಬ್ಯಾಟರಿ ಡ್ರಿಲ್ಲು ಮಲೆನಾಡಿನ ಬಹಳ ಮನೆ, ತೋಟಗಳಲ್ಲಿ ಹೊರಗೆ ಬರುವುದು ಆಯುಧಪೂಜೆಗೇ. ಒರೆಸಿ, ಕುಂಕುಮವಿಟ್ಟು, ಚಾರ್ಜಿಗೆ ಹಾಕಿದರೆ ಕೆಂಪು ದೀಪ ಪಿಳಿಪಿಳಿ ಎನ್ನುತ್ತದೆ, ಇಲ್ಲವೇ ದೀಪವೇ ಹತ್ತುವುದಿಲ್ಲ. (ಗಂಧ, ಕುಂಕುಮವನ್ನು ಬ್ಯಾಟರಿ ಕೂರುವ ಜಾಗದ ತಗಡುಗಳಿಗೆ ತಾಗಿಸಬೇಡಿ. ಒದ್ದೆ ಗಂಧ ಕಿಲುಬು ತರಿಸುತ್ತದೆ.) ಅಂಗಡಿಗೆ ಒಯ್ದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ‘ಇದು ರಿಪೇರಿ ಆಗಲ್ಲ ಸಾರ್, ಸೆಟ್ಟೇ ಹೊಸದು ತಗೊಳ್ಳಿ.’ ಈ ಮಾತು ಕೆಲವು ಸಲ ನಿಜ, ಬಹಳ ಸಲ ಅಲ್ಲ. ಯಾವಾಗ ನಿಜ ಎಂದು ತಿಳಿಯಲು 500 ರೂಪಾಯಿ ಒಳಗಿನ ಮಲ್ಟಿಮೀಟರ್ ಸಾಕು. ಹಾಸನ, ಚಿಕ್ಕಮಗಳೂರು ಭಾಗದಲ್ಲಿ ಇದೇ ರಿಪೇರಿ ಕೆಲಸ ಮಾಡುವ ನಾವು ಕೆಲವರು ಸೇರಿ ಬರೆಯುತ್ತಿದ್ದೇವೆ.

ಮೊದಲು ವೋಲ್ಟಿನ ಗೊಂದಲ. ಡಬ್ಬದ ಮೇಲೆ 18 ಇರಲಿ, 20 ಇರಲಿ, 21 ಇರಲಿ, ಒಳಗೆ ಒಂದರ ಹಿಂದೆ ಒಂದು ಜೋಡಿಸಿರುವುದು 5 ಲಿಥಿಯಂ ಸೆಲ್. ಸೆಲ್ಲಿಗೆ 3.6ರಂತೆ ಲೆಕ್ಕ ಹಾಕಿದರೆ 18, ಪೂರ್ತಿ ತುಂಬಿದಾಗ 4.2ರಂತೆ 21. ‘48 ವಿಎಫ್’, ‘88 ವಿಎಫ್’ ಎಂದು ಬರೆದ ಅಗ್ಗದ ಡ್ರಿಲ್‌ಗಳನ್ನು ಬಿಚ್ಚಿದರೂ ಕಾಣುವುದು ಸಾಮಾನ್ಯವಾಗಿ ಅದೇ ಐದರ ಸಾಲು. 12 ವೋಲ್ಟಿನದರಲ್ಲಿ 3 ಸೆಲ್, ತುಂಬಿದಾಗ 12.6.

ಬ್ಯಾಟರಿಯ ಪ್ಲಸ್, ಮೈನಸ್ ತಗಡಿಗೆ ಮೀಟರ್ ಹಿಡಿಯಿರಿ. 18 ವೋಲ್ಟಿನದರಲ್ಲಿ 15ರ ಮೇಲೆ ತೋರಿಸಿಯೂ ಚಾರ್ಜರ್ ತೆಗೆದುಕೊಳ್ಳದಿದ್ದರೆ ಅನುಮಾನ ಮೊದಲು ಚಾರ್ಜರಿನ ಮೇಲೆ, ಆಮೇಲೆ ಮಧ್ಯದ ಸಣ್ಣ ತಗಡಿನ ಮೇಲೆ. ಅದು ಉಷ್ಣತೆ ಅಳೆಯುವ ಥರ್ಮಿಸ್ಟರಿನದು. ಹೆಚ್ಚಿನ ಬ್ಯಾಟರಿಗಳಲ್ಲಿ ಕೋಣೆಯ ಬಿಸಿಗೆ ಸುಮಾರು 10 ಕಿಲೋ ಓಂ ತೋರಿಸಬೇಕು. ತಂತಿ ಕಡಿದಿದ್ದರೆ, ತಗಡು ಹಸಿರುಗಟ್ಟಿದ್ದರೆ, ಸೆಲ್ಲುಗಳು ಗಟ್ಟಿಮುಟ್ಟಾಗಿದ್ದರೂ ಚಾರ್ಜರ್ ‘ಬ್ಯಾಟರಿ ಕೆಟ್ಟಿದೆ’ ಎಂದೇ ದೀಪ ಮಿಟುಕಿಸುತ್ತದೆ. ನಮ್ಮ ಕಡೆಯ ತೇವಕ್ಕೆ ಇದು ಮಾಮೂಲು. ಐಸೊಪ್ರೊಪೈಲ್ ಆಲ್ಕೊಹಾಲ್, ಹಳೆ ಹಲ್ಲುಜ್ಜುವ ಬ್ರಷ್, ಐದು ನಿಮಿಷ. ಇದಕ್ಕೆ ಹೊಸ ಬ್ಯಾಟರಿ ಕೊಂಡವರಿದ್ದಾರೆ.

ಬರೀ ವೋಲ್ಟ್ ನೋಡಿ ನಂಬಲೂ ಆಗದು. 12 ವೋಲ್ಟಿನ 55 ವಾಟ್ ಹೆಡ್‌ಲೈಟ್ ಬಲ್ಬ್ ಎರಡನ್ನು ಸೀರೀಸ್ ಮಾಡಿ, ಅಂದರೆ ಒಂದರ ಹಿಂದೆ ಒಂದು ಜೋಡಿಸಿ, ಬ್ಯಾಟರಿಗೆ ಕೊಡಿ. ಸುಮಾರು 4 ಆಂಪಿಯರ್ ಎಳೆಯುತ್ತದೆ. ಒಳ್ಳೆಯ ಬ್ಯಾಟರಿ ಇಷ್ಟಕ್ಕೆ ಅರ್ಧ ವೋಲ್ಟಿನ ಆಸುಪಾಸು ಮಾತ್ರ ಇಳಿಯುತ್ತದೆ. 19 ಇದ್ದದ್ದು 15ಕ್ಕೆ ಕುಸಿದರೆ ಸೆಲ್ ಮುಗಿದಿದೆ ಎಂದೇ ಅರ್ಥ.

ಇನ್ನು ಒಳಗೆ. ಮುಚ್ಚಳಕ್ಕೆ ಸಾಮಾನ್ಯವಾಗಿ ನಕ್ಷತ್ರದ ತಲೆಯ ಸ್ಕ್ರೂ, ನಡುವೆ ಸಣ್ಣ ಮೊಳೆ ಇರುವಂಥದ್ದು. ತೂತಿರುವ ಟಿ10 ಬಿಟ್ ಬೇಕು. ಸೆಲ್ ಒಂದೊಂದನ್ನೇ ಅಳೆದು ಬರೆದುಕೊಳ್ಳಿ. ಉದಾಹರಣೆಗೆ 3.78, 3.79, 3.78, 3.80, 2.91. ಕೂಡಿದರೆ 18.06. ಹೊರಗಿನಿಂದ ಅಳೆದವರಿಗೆ ಬ್ಯಾಟರಿ ಚೆನ್ನಾಗಿಯೇ ಇದೆ! ಐದನೆಯದೊಂದೇ ಕುಗ್ಗಿದೆ. ಕಾರಣವೂ ಗುಟ್ಟೇನಲ್ಲ. ಎಷ್ಟೋ ಬ್ಯಾಟರಿಗಳಲ್ಲಿ ಒಳಗಿನ ಕಾವಲು ಬೋರ್ಡು, ಅಂದರೆ ಬಿಎಂಎಸ್, ತನ್ನ ಚೂರು ಕರೆಂಟನ್ನು ಒಂದೇ ಸೆಲ್ಲಿನಿಂದ ಹೀರುತ್ತಿರುತ್ತದೆ. ಮಳೆಗಾಲದ ನಾಲ್ಕು ತಿಂಗಳು ಅಟ್ಟದ ಮೇಲೆ ಬಿದ್ದಿದ್ದರೆ ಆ ಒಂದು ಸೆಲ್ ಬರಿದಾಗುತ್ತದೆ.

ಇಂಥದ್ದನ್ನು ಒಟ್ಟು ವೋಲ್ಟ್ ಮಾತ್ರ ನೋಡುವ ಅಗ್ಗದ ಚಾರ್ಜರಿಗೆ ಹಾಕಿದರೆ ಏನಾಗುತ್ತದೆ? ಅದು 21 ಮುಟ್ಟುವವರೆಗೂ ತುಂಬುತ್ತದೆ. ಕುಗ್ಗಿದ ಸೆಲ್ 3.6ರಲ್ಲೇ ನಿಂತರೆ ಉಳಿದ ನಾಲ್ಕಕ್ಕೆ ಬೀಳುವುದು ತಲಾ 4.35. ಮಿತಿ 4.2. ಊದುವುದು, ಬೆಂಕಿ ಹತ್ತುವುದು ಶುರುವಾಗುವುದು ಇಲ್ಲಿಂದ. ಒಳ್ಳೆಯ ಬ್ಯಾಟರಿಯ ಬೋರ್ಡು ಒಂದೊಂದೇ ಸೆಲ್ ನೋಡಿ ಚಾರ್ಜನ್ನು ತಡೆಯುತ್ತದೆ. ಆ ತಡೆಯನ್ನೇ ಜನ ‘ಲಾಕ್ ಆಗಿದೆ’ ಎನ್ನುತ್ತಾರೆ. ಇನ್ನೊಂದು ಬ್ಯಾಟರಿಯಿಂದ ತಂತಿ ತಾಗಿಸಿ ಎಬ್ಬಿಸುವ ಚಾಳಿ ಇದೆಯಲ್ಲ, ದಯವಿಟ್ಟು ಬೇಡ. 2 ವೋಲ್ಟಿಗಿಂತ ಕೆಳಗೆ ವಾರಗಟ್ಟಲೆ ಬಿದ್ದಿದ್ದ ಸೆಲ್ಲಿನೊಳಗೆ ತಾಮ್ರದ ಹಾಳೆ ಕರಗುತ್ತದೆ. ಮತ್ತೆ ಚಾರ್ಜ್ ಮಾಡಿದಾಗ ಅದೇ ತಾಮ್ರ ಬೇಕಿಲ್ಲದ ಜಾಗದಲ್ಲಿ ಕೂತು ಒಳಗೇ ಶಾರ್ಟ್ ಮಾಡುತ್ತದೆ. ಇವತ್ತು ಎದ್ದ ಬ್ಯಾಟರಿ ಮುಂದೆ ಯಾವತ್ತೋ ಒಂದು ರಾತ್ರಿ ಹೊತ್ತಿಕೊಳ್ಳಬಹುದು.

ಕುಗ್ಗಿದ ಸೆಲ್ 2.5ರ ಮೇಲಿದ್ದರೆ ಮಾತ್ರ ಉಳಿಸಲು ನೋಡಬಹುದು. ಟಿಪಿ4056 ಎಂಬ ಪುಟ್ಟ ಮಾಡ್ಯೂಲ್ ಸಿಗುತ್ತದೆ. ಅದನ್ನು ಫೋನಿನ ಅಡಾಪ್ಟರಿಗೆ ಹಾಕಿ, ಆ ಒಂದೇ ಸೆಲ್ಲಿಗೆ ಕೊಟ್ಟು, ಉಳಿದವುಗಳ ಮಟ್ಟಕ್ಕೆ ತಂದು ನಿಲ್ಲಿಸಿ. 2.9ರ ಕೆಳಗೆ ಅದು ತಾನೇ ನಿಧಾನವಾಗಿ ತುಂಬುತ್ತದೆ. ಒಂದೇ ಅಡಾಪ್ಟರಿನಿಂದ ಎರಡು ಮಾಡ್ಯೂಲ್ ಹಾಕಿ ಎರಡು ಸೆಲ್ಲಿಗೆ ಒಟ್ಟಿಗೆ ಕೊಡಲು ಹೋಗಬೇಡಿ, ಎರಡರ ಮೈನಸ್ಸೂ ಒಂದಾಗಿ ಸೆಲ್ ಶಾರ್ಟ್ ಆಗುತ್ತದೆ. ಆಮೇಲೆ ಒಂದು ವಾರ ಸುಮ್ಮನಿಟ್ಟು ಮತ್ತೆ ಅಳೆಯಿರಿ. ಅದೊಂದೇ 0.1ಕ್ಕಿಂತ ಹೆಚ್ಚು ಇಳಿದಿದ್ದರೆ ಅದರ ಆಸೆ ಬಿಡಿ.

ಆಗ ಆ ಒಂದನ್ನು ಮಾತ್ರ ಬದಲಿಸೋಣವೇ? ಬೇಡ. ಹಳೆ ನಾಲ್ಕು ಎತ್ತುಗಳ ಜೊತೆ ಒಂದು ಹೋರಿ ಕಟ್ಟಿದ ಹಾಗೆ. ಮೂರೇ ತಿಂಗಳಲ್ಲಿ ಮಟ್ಟ ಮತ್ತೆ ತಪ್ಪಬಹುದು. ಹಾಕಿಸುವುದಾದರೆ ಐದೂ ಹೊಸದು, ಒಂದೇ ಮಾದರಿ, ಒಂದೇ ಲಾಟಿನವು. ಸೆಲ್ಲಿಗೆ ಹೇಳುವ 18650 ಎಂದರೆ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಅಷ್ಟೇ. ಆ ಅಳತೆಗೆ ಸರಿಹೋದದ್ದೆಲ್ಲ ಡ್ರಿಲ್ಲಿಗೆ ಆಗುವುದಿಲ್ಲ. ಹಳೆ ಲ್ಯಾಪ್‌ಟಾಪಿನಿಂದ ಕಿತ್ತ ಸೆಲ್ ನಿಧಾನವಾಗಿ ಕರೆಂಟ್ ಕೊಡಲು ಮಾಡಿದ್ದು. ಡ್ರಿಲ್ಲು ಬಿಗಿಯಾಗಿ ಕಚ್ಚಿಕೊಂಡಾಗ 20 ಆಂಪಿಯರ್ ದಾಟಿ ಕೇಳುತ್ತದೆ. ಆದ್ದರಿಂದಲೇ ಅಂಥ ರೀಫಿಲ್ ಬ್ಯಾಟರಿ ಹಲಗೆಗೆ ಸ್ಕ್ರೂ ಬಿಗಿಯುತ್ತದೆ, ಬೀಟೆ ಮರಕ್ಕೆ ತೂತು ಹಾಕುವಾಗ ಕೈ ಸುಡುತ್ತದೆ. ಒಂದೇ ಸಮನೆ 15ರಿಂದ 20 ಆಂಪಿಯರ್ ಕೊಡುವ ಸೆಲ್ ಎಂದೇ ಕೇಳಿ. 18650ರಲ್ಲಿ ತುಂಬುವ ಚಾರ್ಜಿನ ಅಳತೆ 3500 ಎಂಎಎಚ್ ಆಸುಪಾಸೇ ಹೆಚ್ಚು, ಅದೂ ನಿಧಾನದ ಸೆಲ್ಲಿನಲ್ಲಿ. 9900 ಎಂದು ಬರೆದಿದ್ದರೆ ಅಂಗಡಿ ಮೆಟ್ಟಿಲು ಇಳಿದುಬಿಡಿ. ತೂಗಿ ನೋಡುವುದೂ ಒಂದು ಉಪಾಯ: ಒಂದು ಸೆಲ್ 45ರಿಂದ 50 ಗ್ರಾಂ ಇರಬೇಕು.

ಸೆಲ್ಲಿನ ಮೇಲೆ ಸೋಲ್ಡರಿಂಗ್ ಐರನ್ನಿನಿಂದ ನೇರ ಬೆಸುಗೆ ಹಾಕಬಾರದು, ಒಳಗಿನ ಪ್ಲಾಸ್ಟಿಕ್ ಪೊರೆ, ಸೀಲು ಬಿಸಿಗೆ ಹಾಳಾಗುತ್ತವೆ. ಸ್ಪಾಟ್ ವೆಲ್ಡಿಂಗ್ ಆಗಬೇಕು, 0.15 ಮಿಲಿಮೀಟರ್ ದಪ್ಪದ ನಿಕ್ಕಲ್ ಪಟ್ಟಿಯಲ್ಲಿ. ನಿಕ್ಕಲ್ ಲೇಪಿಸಿದ ಕಬ್ಬಿಣದ ಪಟ್ಟಿಯೂ ಮಾರುಕಟ್ಟೆಯಲ್ಲಿದೆ. ಅಯಸ್ಕಾಂತ ಹಿಡಿದು ಪತ್ತೆ ಮಾಡುತ್ತೇವೆ ಎನ್ನುವವರು ಮೋಸ ಹೋಗುತ್ತಾರೆ, ಅಪ್ಪಟ ನಿಕ್ಕಲ್ಲೂ ಅಯಸ್ಕಾಂತಕ್ಕೆ ಅಂಟುತ್ತದೆ. ಪಟ್ಟಿಯನ್ನು ಗೀರಿ ಉಪ್ಪುನೀರಲ್ಲಿ ಒಂದೆರಡು ದಿನ ಇಟ್ಟರೆ ತುಕ್ಕು ತಾನೇ ಹೇಳುತ್ತದೆ. ಇಷ್ಟೆಲ್ಲ ಸೇರಿ ಕಂಪನಿಯ ಹೊಸ ಬ್ಯಾಟರಿಯ ಬೆಲೆಯ ಅರ್ಧ ದಾಟಿದರೆ ರಿಪೇರಿ ಮಾಡಿಸಬೇಡಿ, ಹೊಸದೇ ಕೊಳ್ಳಿ. ಇದು ನಮ್ಮ ಲೆಕ್ಕ.

ಹಳೆ ನಿಕ್ಕಲ್ ಕ್ಯಾಡ್ಮಿಯಂ ಬ್ಯಾಟರಿಗೆ, ಅಂದರೆ 1.2 ವೋಲ್ಟಿನ 10, 12 ಅಥವಾ 15 ಸೆಲ್ ಇರುವವಕ್ಕೆ, ಇಷ್ಟು ವಿಚಾರ ಬೇಕಿಲ್ಲ. ಸತ್ತಿದ್ದರೆ ಬಿಡಿ. ಆ ಡಬ್ಬಕ್ಕೆ ಲಿಥಿಯಂ ಸೆಲ್ ತುಂಬಿ ಹಳೆ ಚಾರ್ಜರಿನಲ್ಲೇ ಚಾರ್ಜ್ ಮಾಡುವವರನ್ನು ಮಾತ್ರ ಕೈ ಹಿಡಿದು ನಿಲ್ಲಿಸಿ. ಆ ಚಾರ್ಜರಿಗೆ 4.2ರಲ್ಲಿ ನಿಲ್ಲುವುದೇ ಗೊತ್ತಿಲ್ಲ.

ಚಾರ್ಜರಿನ ಕತೆ ಬೇರೆ. ಬಹುತೇಕ ರಿಪೇರಿ ಆಗುತ್ತದೆ, ಖರ್ಚೂ ಕಡಿಮೆ. ಮೊದಲು ನೋಡಬೇಕಾದ್ದು ವೈರು, ಅದರಲ್ಲೂ ಡಬ್ಬದೊಳಗೆ ಹೋಗುವ ಕುತ್ತಿಗೆಯ ಹತ್ತಿರ ಒಳಗೇ ಕಡಿದಿರುತ್ತದೆ. ಆಮೇಲೆ ಫ್ಯೂಸ್. ಫ್ಯೂಸ್ ಹೋಗಿದ್ದರೆ ಅದನ್ನಷ್ಟೇ ಹಾಕಿ ಆನ್ ಮಾಡಬೇಡಿ. ಸಿಡಿಲಿಗೋ, ನ್ಯೂಟ್ರಲ್ ಕಡಿದು ಏರಿದ ವೋಲ್ಟಿಗೋ ಸಿಕ್ಕಿದ್ದರೆ ವೇರಿಸ್ಟರ್, ಬ್ರಿಜ್ ಡಯೋಡ್, ಸ್ವಿಚಿಂಗ್ ಮಾಸ್‌ಫೆಟ್, ಅದರ ಕಾಲಿನ ಸಣ್ಣ ರೆಸಿಸ್ಟರ್ ಎಲ್ಲವೂ ಒಟ್ಟಿಗೆ ಹೋಗಿರುತ್ತವೆ. ಹೊಸ ಫ್ಯೂಸ್ ಮತ್ತೆ ಠಪ್ ಎನ್ನುತ್ತದೆ. 60 ವಾಟಿನ ಹಳೆ ಕಾಲದ ತಂತಿ ಬಲ್ಬ್ ಇರುವ ಸೀರೀಸ್ ಬೋರ್ಡಿನಲ್ಲಿ ಕೊಟ್ಟು ನೋಡಿ: ಒಮ್ಮೆ ಮಿಂಚಿ ಮಂಕಾದರೆ ಸರಿ, ಉರಿಯುತ್ತಲೇ ಇದ್ದರೆ ಶಾರ್ಟ್ ಇನ್ನೂ ಉಳಿದಿದೆ. ಫ್ಯೂಸ್ ಜಾಗದಲ್ಲಿ ತಂತಿ ಎಳೆ ಕಟ್ಟುವುದು ಮನೆಗೆ ಬೆಂಕಿ ಇಡುವ ಕೆಲಸ. ದೀಪ ಹತ್ತಿಯೂ ಚಾರ್ಜ್ ಏರದಿದ್ದರೆ ಬ್ಯಾಟರಿಗೆ ಕರೆಂಟ್ ಹೋಗುವ ಕಡೆಯ ಕೆಪಾಸಿಟರ್ ನೆತ್ತಿ ಊದಿದೆಯೇ ನೋಡಿ, ಅದೇ ಮೈಕ್ರೊಫ್ಯಾರಡ್, ಅದೇ ಅಥವಾ ಹೆಚ್ಚಿನ ವೋಲ್ಟಿನದು ಹಾಕಿ. ಫ್ಯಾನ್ ಇರುವ ಚಾರ್ಜರಿನಲ್ಲಿ ಮರದ ಪುಡಿ ತುಂಬಿರುತ್ತದೆ. ಇರುವೆ ಗೂಡು ಕಟ್ಟಿರುವುದೂ ಅಪರೂಪವಲ್ಲ. ಪ್ರೋಗ್ರಾಂ ಇರುವ ಐಸಿ ಸುಟ್ಟಿದ್ದರೆ ಮಾತ್ರ ಹೊಸ ಚಾರ್ಜರ್ ಕೊಳ್ಳಲೇಬೇಕು.

ಒಂದು ಎಚ್ಚರಿಕೆ: ಪ್ಲಗ್ ಕಿತ್ತ ಮೇಲೂ ಒಳಗಿನ 400 ವೋಲ್ಟಿನ ದೊಡ್ಡ ಕೆಪಾಸಿಟರಿನಲ್ಲಿ 325 ವೋಲ್ಟ್ ಡಿಸಿ ಉಳಿದಿರಬಹುದು. ಅದರ ಎರಡು ಕಾಲಿಗೆ 230 ವೋಲ್ಟಿನ ತಂತಿ ಬಲ್ಬ್ ತಾಗಿಸಿ ಇಳಿಸಿ, ಮೀಟರ್ ಹಿಡಿದು ಸೊನ್ನೆ ನೋಡಿದ ಮೇಲೇ ಕೈ ಹಾಕಿ. ಈ ಕೆಲಸ ಗೊತ್ತಿಲ್ಲದವರು ಚಾರ್ಜರ್ ಬಿಚ್ಚಲೇಬಾರದು.

ಮಾರುವವರ ಮೇಲೆ ನಮ್ಮದೊಂದು ತಕರಾರಿದೆ. ಅಗ್ಗದ ಡ್ರಿಲ್, ಕಾಫಿ ಗಿಡ ಸವರುವ ಬ್ಯಾಟರಿ ಕತ್ತರಿ, ಔಷಧಿ ಸ್ಪ್ರೇಯರ್ ಎಲ್ಲಕ್ಕೂ ಅಡಾಪ್ಟರಿನ ಗುಂಡು ಪಿನ್ ಬಹುತೇಕ ಒಂದೇ ಅಳತೆ, ಆದರೆ ಒಂದರದು 12.6 ವೋಲ್ಟ್, ಇನ್ನೊಂದರದು 16.8, ಮತ್ತೊಂದರದು 21. ತೋಟದ ಶೆಡ್ಡಿನಲ್ಲಿ ಮೂರೂ ಒಂದೇ ಬೋರ್ಡಿನಲ್ಲಿ ನೇತಾಡುತ್ತಿರುತ್ತವೆ. 3 ಸೆಲ್ಲಿನ ಬ್ಯಾಟರಿಗೆ 21ರದ್ದು ಸಿಕ್ಕಿಸಿದರೆ ಪಿನ್ನೇನೋ ಸಲೀಸಾಗಿ ಕೂರುತ್ತದೆ. ಮಾರುವಾಗಲೇ ಅಡಾಪ್ಟರಿಗೂ ಉಪಕರಣಕ್ಕೂ ಒಂದೇ ಬಣ್ಣದ ಟೇಪು ಸುತ್ತಿ ಕೊಡಲು ಅಂಗಡಿಯವರಿಗೆ ಎಷ್ಟು ಹೊತ್ತು ಬೇಕು? ಬ್ಯಾಟರಿಯ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು, ‘ಆರ್’ ಅಕ್ಷರದ ನೋಂದಣಿ ಸಂಖ್ಯೆ ಇದೆಯೇ ಎಂದು ಗಿರಾಕಿಗಳೂ ನೋಡಬೇಕು. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಅಸಲಿಯೋ ಅಲ್ಲವೋ ತಿಳಿಯುತ್ತದೆ.

ಸತ್ತ ಬ್ಯಾಟರಿಯನ್ನು ತಿಪ್ಪೆಗೆ, ಕಸದ ಗಾಡಿಗೆ ಹಾಕುವಂತಿಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬಳಸಿದವರು ಅದನ್ನು ಮನೆ ಕಸದಿಂದ ಬೇರೆ ಇಡಬೇಕು, ತಯಾರಿಸಿದವರು ವಾಪಸು ಸಂಗ್ರಹಿಸುವ ಹೊಣೆ ಹೊರಬೇಕು. ಹಾಸನ, ಚಿಕ್ಕಮಗಳೂರಿನ ಉಪಕರಣದ ಅಂಗಡಿಗಳು ಬಾಗಿಲ ಬಳಿ ಇದಕ್ಕೊಂದು ಡಬ್ಬ ಇಡಲಿ, ನಗರಾಡಳಿತ ಅದನ್ನು ನೋಂದಾಯಿತ ಮರುಬಳಕೆದಾರರಿಗೆ ಮುಟ್ಟಿಸಲಿ. ಅಲ್ಲಿಯವರೆಗೆ ತಗಡುಗಳಿಗೆ ಟೇಪು ಸುತ್ತಿ, ಒಣ ಮರಳು ತುಂಬಿದ ಹಳೆ ಎಣ್ಣೆ ಡಬ್ಬದಲ್ಲಿ, ಮಳೆ ಬೀಳದ ಕಡೆ, ಮನೆಯಿಂದ ಆಚೆ ಇಡಿ. ಊದಿದ ಸೆಲ್ ಇದ್ದರೆ ಅದಕ್ಕೊಂದು ಬೇರೆ ಡಬ್ಬ.

ಇಂತಿ,
ಪವರ್ ಟೂಲ್ ರಿಪೇರಿ ಮಾಡುವ ಕೆಲವರು,
ಚಿಕ್ಕಮಗಳೂರು