ಇಮೇಜ್ ಬಿಲ್ಡ್‌ನಲ್ಲಿ ಫೈಲ್ ಕಾಣೆಯಾದರೆ ಮೊದಲು ಇದನ್ನು ನೋಡಿ

ಎಲ್ಲರಿಗೂ ನಮಸ್ಕಾರ. ಡಾಕರ್ (ಆ್ಯಪನ್ನು ಅದಕ್ಕೆ ಬೇಕಾದುದರ ಜೊತೆ ಇಮೇಜ್ ಎಂಬ ಪ್ಯಾಕೇಜ್ ಮಾಡಿ ಓಡಿಸುವ ಸಾಧನ) ಬಿಲ್ಡ್ ಮಾಡುವಾಗ, ಡಾಕರ್‌ಫೈಲ್‌ನ (ಇಮೇಜ್ ಕಟ್ಟುವ ಸೂಚನೆಗಳ ಫೈಲ್) ಕಾಪಿ (COPY) ಸಾಲಿನಲ್ಲಿ ಫೈಲ್ ಸಿಗಲಿಲ್ಲ ಅಂತ ಎರರ್ ಬಂದರೆ, ಸುಮ್ನೆ ಪಾತ್ ಬದಲಾಯಿಸುತ್ತಾ ಕೂರಬೇಡಿ. ಮೊದಲು ಬಿಲ್ಡ್ ಕಾಂಟೆಕ್ಸ್ಟ್, ಅಂದರೆ ಬಿಲ್ಡ್‌ಗೆ ಫೈಲ್‌ಗಳನ್ನು ಕೊಡುವ ಫೋಲ್ಡರ್, ಯಾವುದು ನೋಡಿ. ಬಿಲ್ಡ್ ಕಮಾಂಡಿನ ಕೊನೆಯ ಚುಕ್ಕೆ (.) ಅಂದರೆ ನೀವು ಈಗ ಇರುವ ಫೋಲ್ಡರ್. ಕಾಪಿಯ ಪಾತ್ ಶುರುವಾಗುವುದು ಅಲ್ಲಿಂದ, ಡಾಕರ್‌ಫೈಲ್ ಇರುವ ಜಾಗದಿಂದಲ್ಲ. ಅದರ ಹೊರಗಿನ ಫೈಲ್ ಸಿಗುವುದಿಲ್ಲ, ಎರಡು ಚುಕ್ಕೆ ಹಾಕಿ ಮೇಲೆ ಹೋಗಲು ನೋಡಿದರೂ ಅಷ್ಟೇ. ಬೇಕಿದ್ದರೆ ಮೇಲಿನ ಫೋಲ್ಡರನ್ನೇ ಕಾಂಟೆಕ್ಸ್ಟ್ ಮಾಡಿ, ಡಾಕರ್‌ಫೈಲ್ ಎಲ್ಲಿದೆ ಅಂತ ಎಫ್ (-f) ಆಯ್ಕೆಯಲ್ಲಿ ತಿಳಿಸಿ.

ಆಮೇಲೆ ಡಾಕರ್‌ಇಗ್ನೋರ್ (.dockerignore, ಬಿಲ್ಡ್‌ನಿಂದ ಬಿಡಬೇಕಾದವುಗಳ ಪಟ್ಟಿಯ ಫೈಲ್) ತೆರೆಯಿರಿ. ಇದನ್ನು ಮರೆಯುವುದು ಬಹಳ ಸುಲಭ. ಅದರಲ್ಲಿ ಉದಾಹರಣೆಗೆ ಡಿಸ್ಟ್ (dist) ಅಂತ ಒಂದು ಫೋಲ್ಡರಿನ ಹೆಸರಿನ ಸಾಲಿದ್ದರೆ, ಕಣ್ಣೆದುರೇ ಇರುವ ಆ ಫೋಲ್ಡರ್ ಬಿಲ್ಡ್‌ಗೆ ಹೋಗುವುದೇ ಇಲ್ಲ.

ನಿಮ್ಮ ಮ್ಯಾಕ್ ಅಥವಾ ವಿಂಡೋಸ್‌ನಲ್ಲಿ ಸರಿ, ಸರ್ವರ್‌ನಲ್ಲಿ ಮಾತ್ರ ಎರರ್ ಅಲ್ವಾ? ಹೆಸರಿನ ದೊಡ್ಡಕ್ಷರ, ಚಿಕ್ಕಕ್ಷರ ನೋಡಿ. ಲಿನಕ್ಸ್‌ಗೆ ಅವು ಬೇರೆ ಬೇರೆ. ಫೈಲ್ ಗಿಟ್‌ಗೆ (ಕೋಡಿನ ಬದಲಾವಣೆಗಳನ್ನು ದಾಖಲಿಸುವ ಸಾಧನ) ಸೇರಿದೆಯೇ ಅಂತಲೂ ನೋಡಿ.

ಬಿಲ್ಡ್ ಆಗಿ, ಓಡಿಸಿದಾಗ ಫೈಲ್ ಮಾಯವಾದರೆ ವಾಲ್ಯೂಮ್ ಮೌಂಟ್ (ಹೊರಗಿನ ಫೋಲ್ಡರನ್ನು ಒಳಗಿನ ಒಂದು ಪಾತ್‌ಗೆ ಜೋಡಿಸುವುದು) ಮೇಲೆ ಅನುಮಾನ ಪಡಿ. ಅದೇ ಪಾತ್‌ಗೆ ಮೌಂಟ್ ಮಾಡಿದರೆ ಇಮೇಜಿನೊಳಗಿನ ಫೈಲ್ ಅಳಿಯುವುದಿಲ್ಲ, ಮರೆಯಾಗುತ್ತದೆ.

ಆದರೂ ಬಗೆಹರಿಯದಿದ್ದರೆ ಕಮಾಂಡ್, ಕಾಪಿ ಸಾಲು, ಡಾಕರ್‌ಇಗ್ನೋರ್ ಮೂರನ್ನೂ ಇಲ್ಲಿ ಹಾಕಿ. ಸ್ಕ್ರೀನ್‌ಶಾಟ್ ಬದಲು ಟೆಕ್ಸ್ಟ್ ಕಳಿಸಿ. ಪಾಸ್‌ವರ್ಡ್ ಇದ್ದರೆ ದಯವಿಟ್ಟು ತೆಗೆದು ಕಳಿಸಿ.